ಬಸವಣ್ಣನಿಗೆ ಮೂರು ಸುತ್ತು

ಟೈರ್ ಅಂಗಡಿಗಳಲ್ಲಿ ಕೆಲಸ ಕಲಿಯುತ್ತಿರುವವರು ಈಗಲೂ ಒಬ್ಬೊಬ್ಬರು ಮಾರೇನಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕೃಷ್ಣಪ್ಪನವರು ಕಣ್ಣಳತೆಯಲ್ಲೇ ಸೈಜು ಹೇಳುತ್ತಿದ್ದರಂತೆ ಎಂದು ಯಾರೋ ಅವರ ತಲೆಗೆ ತುಂಬಿರುತ್ತಾರೆ. ಕಾಫಿ ಕೊಟ್ಟು ಕೂರಿಸಿ ಮೊದಲೇ ಹೇಳಿಬಿಡುತ್ತೇನೆ: ಇದು ‘ಆಗಲ್ಲ’ ಎಂದು ಹೇಳುವ ಕೆಲಸ, ಹೇಳಿದ್ದನ್ನು ಯಾರೂ ಕೇಳುವುದಿಲ್ಲ. ಅವರು ನಗುತ್ತಾರೆ. ಮುದುಕನಿಗೆ ಬೇಜಾರು ಎಂದುಕೊಂಡು ಲೋಟ ಕೆಳಗಿಟ್ಟು ಹೊರಡುತ್ತಾರೆ. ಹಾಗೆ ಹೊರಟವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಶಾಲು, ಹಾರ ಎಲ್ಲ ನನಗೂ ಬಂದವು. ಅವುಗಳ ಕಥೆಯಿಂದ ನಿಮಗೆ ಯಾವ ಉಪಯೋಗವೂ ಇಲ್ಲ.

ನಾನು ಸೇರಿದ್ದು ಐವತ್ತರ ದಶಕದ ಆರಂಭದಲ್ಲಿ, ಮಾಗಡಿ ರಸ್ತೆಯ ಒಂದು ಟೈರ್ ಅಂಗಡಿಗೆ. ರಾಜಾಜಿನಗರದಲ್ಲಿ ಆಗಷ್ಟೇ ಸೈಟುಗಳ ಕಲ್ಲು ನೆಡುತ್ತಿದ್ದರು. ವಿಜಯನಗರ ಎಂಬ ಹೆಸರೇ ಹುಟ್ಟಿರಲಿಲ್ಲ, ಅಲ್ಲೆಲ್ಲ ರಾಗಿ ಹೊಲ. ರಸ್ತೆಯ ಮೇಲಿದ್ದ ಕಾರುಗಳು ಬಹುಪಾಲು ಯುದ್ಧಕ್ಕೆ ಮುಂಚಿನವು. ದೊಡ್ಡ ರಿಮ್ಮು, ಸಣಕಲು ಟೈರು. ಹೊರದೇಶದ ಮಾಲಿಗೆ ಸರ್ಕಾರ ಕಟ್ಟುಪಾಡು ಹಾಕಿದ ಮೇಲೆ ಆ ಸೈಜಿನ ಟೈರು ಪೇಟೆಯಲ್ಲಿ ಕಾಣೆಯಾಯಿತು. ಧಾರಾಳವಾಗಿ ಸಿಗುತ್ತಿದ್ದದ್ದು ಮಿಲಿಟರಿ ಹರಾಜಿನ ಜೀಪ್ ಟೈರು. ಅದು ಗಿಡ್ಡ, ಆದರೆ ದಪ್ಪ. ಜನ ಅದನ್ನೇ ರಿಮ್ಮಿನ ಸಮೇತ ಹೊತ್ತು ತಂದು ನಮ್ಮ ಮುಂದೆ ಉರುಳಿಸಿ ಕೇಳುತ್ತಿದ್ದರು, “ಇದು ನಮ್ ಗಾಡಿಗೆ ಕೂರುತ್ತಾ?”

ಬೋಲ್ಟು ಕೂತರೆ ಟೈರು ಕೂತ ಹಾಗೆ ಎಂದು ಎಲ್ಲರೂ ತಿಳಿದಿದ್ದರು. ನಿಂತ ಗಾಡಿಯಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳು ಜಾಗ ಕಾಣುತ್ತದೆ, ಸಂತೋಷವಾಗುತ್ತದೆ. ಅದೇ ಗಾಡಿಗೆ ಜನ ತುಂಬಿ, ತಿರುವಿನಲ್ಲಿ ಮೈ ಒಂದು ಕಡೆ ವಾಲಿದಾಗ ಆ ಬೆರಳು ಜಾಗ ಇರುವುದಿಲ್ಲ. ಓಡುವ ರಬ್ಬರು ತಗಡಿಗೆ ಉಜ್ಜುತ್ತದೆ. ಒಂದು ದಿನಕ್ಕೆ ಏನೂ ಆಗುವುದಿಲ್ಲ. ದಿನವೂ ಉಜ್ಜಿ ಉಜ್ಜಿ ಒಳಗಿನ ನೂಲು ಕಿತ್ತು, ಯಾವತ್ತೋ ಒಂದು ದಿನ ಒಡೆಯುತ್ತದೆ. ಆ ದಿನ ಬರುತ್ತದೋ ಇಲ್ಲವೋ ಎಂದು ಮುಂಚೆಯೇ ಹೇಳುವುದು ನನ್ನ ಕೆಲಸ.

ಅದನ್ನು ಕಲಿಸಿದವರು ದೊರೆಸ್ವಾಮಿ ಮೇಸ್ತ್ರಿ. ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯವರು, ಯುದ್ಧಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿದ್ದವರು. ತಮಿಳು ಬೆರೆತ ಕನ್ನಡ, ಮಾತಿಗೊಂದು ಬೈಗುಳ. ಅವರ ಪರೀಕ್ಷೆ ಸುಣ್ಣದ್ದು. ಹೊಸ ಟೈರು ಹಾಕಿದ ಮೇಲೆ ಮಡ್‌ಗಾರ್ಡಿನ ಒಳಮೈಗೆ ಹಸಿ ಸುಣ್ಣ ಬಳಿಯಬೇಕು. ಪಕ್ಕದ ಮರ ಕೊಯ್ಯುವ ಸಾಮಿಲ್ಲಿನ ಹಮಾಲರನ್ನು ಕರೆದು ಗಾಡಿ ತುಂಬಾ ಕೂರಿಸಬೇಕು. ಅವರಿಗೆ ಟೀ, ಬನ್ನು ನಮ್ಮ ಕಡೆಯಿಂದ. ಗಾಡಿಯನ್ನು ಒಂದಿಷ್ಟು ತಿರುಗಿಸಿ ತಂದು ನೋಡಬೇಕು. ಟೈರಿಗೆ ಸುಣ್ಣ ಮೆತ್ತಿದ್ದರೆ ಆಗಲ್ಲ, ಮೆತ್ತದಿದ್ದರೆ ಆಗುತ್ತದೆ.

“ಮನುಷ್ಯ ಸುಳ್ಳು ಹೇಳ್ತಾನೆ, ಸುಣ್ಣ ಹೇಳಲ್ಲ ಪಾ” ಎನ್ನುತ್ತಿದ್ದರು ಮೇಸ್ತ್ರಿ. ನಾನು ಅದನ್ನು ದೇವರ ಮಾತಿನ ಹಾಗೆ ನಂಬಿದೆ.

ಗಾಡಿ ತಿರುಗಿಸಿ ತರುವುದಕ್ಕೆ ನಮಗೆ ಹೇಳಿ ಮಾಡಿಸಿದಂಥ ಜಾಗವಿತ್ತು. ಅಂಗಡಿಯ ಎದುರು ಬಯಲು, ಬಯಲಿನ ನಡುವೆ ಚಿಕ್ಕದೊಂದು ಬಸವಣ್ಣನ ಗುಡಿ. ಟೈರು ಬದಲಾಯಿಸಿದ ಯಾರೇ ಆಗಲಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಗಾಡಿ ಹತ್ತಿಸಿ, ಬಸವಣ್ಣನಿಗೆ ಮೂರು ಸುತ್ತು ಪ್ರದಕ್ಷಿಣೆ ಹಾಕದೆ ಹೋಗುತ್ತಿರಲಿಲ್ಲ. ಮೇಸ್ತ್ರಿ ಆ ಮೂರು ಸುತ್ತನ್ನೇ ಪರೀಕ್ಷೆ ಮಾಡಿಕೊಂಡಿದ್ದರು. ಪೂಜೆಗೂ ಆಯಿತು, ಟೆಸ್ಟಿಗೂ ಆಯಿತು, ಪೆಟ್ರೋಲೂ ಉಳಿಯಿತು. ಅಂಗಡಿಯ ಯಜಮಾನರಿಗೆ ಈ ಏರ್ಪಾಟು ಬಹಳ ಹಿಡಿಸಿತ್ತು. ನನಗೂ ಅದರಲ್ಲಿ ಯಾವ ಐಬೂ ಕಂಡಿರಲಿಲ್ಲ.

ಸುತ್ತು ಹಾಕಲಾಗದೆ ಹೋದವರೆಂದರೆ ನಾಗರಬಾವಿಯ ಗೌಡರೊಬ್ಬರೇ. ನಾಗರಬಾವಿ ಆಗ ಬರೀ ಹಳ್ಳಿ. ಗೌಡರು ಹೊಸದಾಗಿ ಹಳೇ ಕಾರು ಕೊಂಡಿದ್ದರು. ಅದರ ಹೊಟ್ಟೆ ಎತ್ತಿನಗಾಡಿ ಜಾಡಿನ ನಡುವಿನ ದಿಬ್ಬಕ್ಕೆ ತಗಲುತ್ತದೆಂದು ಎಲ್ಲಿಂದಲೋ ಲಾರಿ ಟೈರಿನಂಥ ನಾಲ್ಕು ಟೈರು ತಂದರು. ಹಾಕಿ ನೋಡಿದರೆ ಮುಂದಿನ ಚಕ್ರ ಸ್ವಲ್ಪ ತಿರುಗುವಷ್ಟರಲ್ಲೇ ತಗಡಿಗೆ ಕಚ್ಚಿಕೊಂಡು ನಿಂತಿತು.

“ಗೌಡ್ರೇ, ಇದು ನೇರ ಹೋಗುತ್ತೆ, ತಿರುಗಲ್ಲ” ಎಂದರು ಮೇಸ್ತ್ರಿ.

“ತಿರುಗೋದ್ಯಾಕಯ್ಯ? ನಮ್ಮೂರು ನೇರಾನೇ ಇರೋದು!”

ಗುಡಿ ಸುತ್ತಲಾರದೆ ಎದುರಿಗೇ ನಿಂತು ಕೈಮುಗಿದು ಗೌಡರು ಹೊರಟರು. ಮೊದಲನೇ ತಿರುವಿನಲ್ಲೇ ಗಾಡಿ ಯಾರದೋ ರಾಗಿ ಹೊಲಕ್ಕೆ ಇಳಿಯಿತಂತೆ. ಎತ್ತು ಕಟ್ಟಿ ಎಳೆಸಿದರಂತೆ. ಆಮೇಲೆ ಅವರು ಬೇರೆ ಅಂಗಡಿಗೆ ಹೋಗಿ ಮಡ್‌ಗಾರ್ಡನ್ನೇ ಕತ್ತರಿಸಿ ಅದೇ ಟೈರು ಹಾಕಿಸಿಕೊಂಡರು. ನಮ್ಮ ಅಂಗಡಿ ಮುಂದೆ ಹೋಗುವಾಗಲೆಲ್ಲ ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತಿದ್ದರು. ಕೂರಿಸಿ ಕೊಟ್ಟವನ ಮೇಲೆ ಪ್ರೀತಿ, ಕೂರಲ್ಲ ಎಂದವನ ಮೇಲೆ ಹಗೆ. ಅಂದಿನಿಂದ ಕೊನೆಯವರೆಗೂ ನಾನು ಕಂಡದ್ದು ಇದನ್ನೇ. ಗೌಡರ ವಿಷಯ ನೆನೆದು ಬಹಳ ದಿನ ನಕ್ಕಿದ್ದೆವು. ರಾಚಪ್ಪ ಬಂದ ಮೇಲೆ ನಗು ನಿಂತಿತು.

ರಾಚಪ್ಪ ದಾವಣಗೆರೆ ಕಡೆಯವನು. ತಾಯಿ, ಹೆಂಡತಿ, ಮಕ್ಕಳು, ಒಬ್ಬ ತಮ್ಮನನ್ನು ಕಟ್ಟಿಕೊಂಡು ಹೇರೋಹಳ್ಳಿಯಲ್ಲಿ ಮನೆ ಮಾಡಿದ್ದ. ಅವನ ಬಳಿ ಒಂದು ದೊಡ್ಡ ಹಳೇ ಕಾರಿತ್ತು. ಮದುವೆ ದಿಬ್ಬಣ, ಬಾಣಂತಿಯರು, ಆಸ್ಪತ್ರೆ ಕೇಸು, ಯಾವುದಿದ್ದರೂ ಬಾಡಿಗೆಗೆ ಹೋಗುತ್ತಿದ್ದ. ಅಷ್ಟು ಜನದ ಹೊಟ್ಟೆ ತುಂಬಬೇಕಾದರೆ ಆ ಕಾರು ಓಡಲೇಬೇಕು. ಅದರ ಹಿಂದಿನ ಎರಡು ಟೈರುಗಳು ಬೋಳಾಗಿ ನೂಲು ಕಾಣುತ್ತಿತ್ತು.

“ಸರಿ ಸೈಜು ಇಡೀ ಊರಲ್ಲಿ ಸಿಗ್ಲಿಲ್ಲ ಸಾರ್. ಜೀಪಿನ್ದು ತಂದೀನಿ. ಕೂರುತ್ತೆ ಅನ್ರಿ” ಎಂದ. ಕೂರುತ್ತಾ ಎಂದು ಕೇಳಲಿಲ್ಲ, ಕೂರುತ್ತೆ ಅನ್ನಿ ಎಂದು ಬೇಡಿಕೊಂಡ. ಅವನ ತಾಯಿ ಪಾರ್ವತಮ್ಮ ಸೆರಗಿನಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಬಂದಿದ್ದರು. ಟೈರು ಹಾಕಿದೆವು. ಸುಣ್ಣ ಬಳಿದೆವು. ಹಮಾಲರನ್ನು ತುಂಬಿದೆವು. ಬಸವಣ್ಣನಿಗೆ ಮೂರು ಸುತ್ತು ಹಾಕಿಸಿದೆವು. ನಾನು ನೆಲಕ್ಕೆ ಮಲಗಿ ಎರಡೂ ಕಡೆ ಬಗ್ಗಿ ನೋಡಿದೆ. ಸುಣ್ಣ ಬಳಿದದ್ದು ಬಳಿದ ಹಾಗೇ ಇತ್ತು.

“ಆಗುತ್ತೆ” ಎಂದೆ. ರಾಚಪ್ಪ ನನ್ನ ಎರಡೂ ಕೈ ಹಿಡಿದುಕೊಂಡ. ಆ ಕೆಲಸದಲ್ಲಿ ಅಂಥ ಗಳಿಗೆಗಳು ಬಹಳ ಕಡಿಮೆ, ಹಾಗಾಗಿ ನನಗೂ ಕಣ್ಣು ತುಂಬಿ ಬಂತು.

ಕೆಲವು ವಾರಗಳಾದ ಮೇಲೆ ಅವನು ಮತ್ತೆ ಬಂದ. ಮುಖ ಸಪ್ಪಗಿತ್ತು.

“ಸಾರ್, ಜನ ತುಂಬಿದಾಗ ತಿರುವಿನಾಗೆ ‘ಸರ್’ ಅಂತ ಸದ್ದು ಬರ್ತೈತಿ. ಒಂದೊಂದ್ಸಲ ರಬ್ಬರ್ ಸುಟ್ಟ ವಾಸ್ನೆ.”

ಮೇಸ್ತ್ರಿ ಅವನನ್ನು ಗದರಲಿಲ್ಲ, ಅಲ್ಲಗಳೆಯಲೂ ಇಲ್ಲ. ಒಳಮೈಗೆ ಮೆತ್ತಿದ್ದ ಕೆಸರಿನ ಮೇಲೆಯೇ ಮತ್ತೆ ನನ್ನಿಂದ ಸುಣ್ಣ ಬಳಿಸಿದರು. ಈ ಸಲ ಹಮಾಲರಲ್ಲಿ ದಪ್ಪನೆಯವರನ್ನೇ ಆರಿಸಿ ಕೂರಿಸಿದರು. ತಾವೇ ಪಕ್ಕದಲ್ಲಿ ಕೂತು ಕಿವಿಗೊಟ್ಟು ಮೂರರ ಬದಲು ಇನ್ನೂ ಹಲವು ಸುತ್ತು ಹಾಕಿಸಿದರು. ಗುಡಿಯ ಸುತ್ತ ಎಂದರೆ ಉದ್ದಕ್ಕೂ ತಿರುವೇ. ಸದ್ದು ಬರಲಿಲ್ಲ. ಸುಣ್ಣ ಅಲುಗಿರಲಿಲ್ಲ.

“ಭಯ ಬಿಡು ಪಾ. ಹೊಸ ಟೈರು, ಹೊಸ ಸದ್ದು” ಎಂದು ಬೆನ್ನು ತಟ್ಟಿದರು. ರಾಚಪ್ಪ ಸಮಾಧಾನವಾಗಿಯೇ ಹೋದ. ನಮ್ಮ ಮೇಲೆ ಅವನಿಗೆ ಅಷ್ಟು ನಂಬಿಕೆ.

ಕೆಂಗೇರಿಯಲ್ಲಿ ಮದುವೆ ಮನೆಯವರನ್ನು ಇಳಿಸಿ ಒಬ್ಬನೇ ವಾಪಸು ಬರುತ್ತಿದ್ದಾಗ ಮೈಸೂರು ರಸ್ತೆಯಲ್ಲಿ ಟೈರು ಒಡೆಯಿತು. ಗಾಡಿ ರಸ್ತೆ ಬಿಟ್ಟು ವೃಷಭಾವತಿ ಹೊಳೆಯ ಕಡೆಗೆ ಉರುಳಿತು. ರಾಚಪ್ಪನ ಜೀವ ಉಳಿಯಿತು. ಒಂದು ಕಾಲನ್ನು ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ತೆಗೆದರು. ಸುದ್ದಿ ತಂದದ್ದು ಸಾಮಿಲ್ಲಿನ ಹಮಾಲನೊಬ್ಬ. ಅವನೂ ಆ ಗಾಡಿಯಲ್ಲಿ ತೂಕಕ್ಕೆ ಕೂತವನೇ.

ನಾನು ಸೈಕಲ್ ಹತ್ತಿ ಕೆಂಗೇರಿಗೆ ಹೋದೆ. ಗಾಡಿಯನ್ನು ಎಳೆದು ತಂದು ರಸ್ತೆ ಬದಿಯ ಹುಣಸೆ ಮರದ ಕೆಳಗೆ ನಿಲ್ಲಿಸಿದ್ದರು. ಒಡೆದದ್ದು ಹಿಂದಿನ ಬಲಗಡೆ ಟೈರು. ಬಗ್ಗಿ ನೋಡಿದೆ. ಬಲಗಡೆ ಮಡ್‌ಗಾರ್ಡಿನ ಒಳಗೆ ಸುಣ್ಣವೂ ಇಲ್ಲ, ಬಣ್ಣವೂ ಇಲ್ಲ. ತಗಡು ತಿಕ್ಕಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಎದ್ದು ಎಡಗಡೆಗೆ ಹೋಗಿ ನೋಡಿದೆ. ಅಲ್ಲಿ ನಾನು ಬಳಿದ ಸುಣ್ಣ, ನನ್ನ ಬೆರಳಿನ ಗೆರೆಗಳ ಸಮೇತ, ಹಾಗೇ ಒಣಗಿ ನಿಂತಿತ್ತು.

ಒಂದೇ ಗಾಡಿಗೆ ಎರಡು ಬಗೆ ಹೇಗೆ? ಆ ಮರದ ಕೆಳಗೇ ಕೂತು ಯೋಚಿಸಿದೆ. ಗಾಡಿ ಬಲಕ್ಕೆ ತಿರುಗಿದರೆ ಮೈ ಎಡಕ್ಕೆ ವಾಲುತ್ತದೆ, ಎಡಕ್ಕೆ ತಿರುಗಿದರೆ ಬಲಕ್ಕೆ. ಡ್ರೈವರು ದಿನಾ ಕೂರುವುದು ಬಲಗಡೆ, ಹಾಗಾಗಿ ಹಳೇ ಗಾಡಿಗಳಲ್ಲಿ ಮೊದಲು ಸೋತು ಕುಸಿಯುವುದು ಬಲಗಡೆಯ ಸ್ಪ್ರಿಂಗ್ ಪಟ್ಟಿ. ಅಪಾಯ ಇರುವುದು ಎಡಕ್ಕೆ ತಿರುಗುವಾಗ. ನಾವು ಪರೀಕ್ಷೆ ಮಾಡುತ್ತಿದ್ದದ್ದು ಬಸವಣ್ಣನ ಸುತ್ತ. ಪ್ರದಕ್ಷಿಣೆ ಎಂದರೆ ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು. ನಮ್ಮ ಅಂಗಡಿಯಲ್ಲಿ ಟೈರು ಹಾಕಿಸಿಕೊಂಡ ಒಂದೇ ಒಂದು ಗಾಡಿಯೂ ಹಮಾಲರ ಭಾರ ಹೊತ್ತು ನಮ್ಮ ಕಣ್ಣೆದುರು ಎಡಕ್ಕೆ ತಿರುಗಿರಲಿಲ್ಲ.

ವಾಪಸು ಹೇಗೆ ಬಂದೆನೋ ನೆನಪಿಲ್ಲ. ‘ಆಗುತ್ತೆ’ ಎಂದು ಹೇಳಿ ಕಳಿಸಿದ ಗಾಡಿಗಳೆಲ್ಲ ಕಣ್ಣ ಮುಂದೆ ಬರುತ್ತಿದ್ದವು. ಮೇಸ್ತ್ರಿಗೆ ಹೇಳಿದೆ. ಅವರು ಬೀಡಿ ಆರಿಸಿ, ಬಯಲಿಗೆ ಹೋಗಿ, ಗುಡಿಯ ಸುತ್ತ ಗಾಡಿಗಳು ತುಳಿದ ಜಾಡಿನೊಳಗೆ ಇಳಿದು ನಿಂತರು. ಆ ಜಾಡು ಅಷ್ಟು ಆಳವಾಗಿತ್ತು, ಮಳೆ ಬಂದರೆ ನೀರು ನಿಲ್ಲುತ್ತಿತ್ತು.

“ಮಿಲಿಟರೀಲಿ ಎಂಟರ ಥರ ಓಡಿಸ್ತಿದ್ವಿ ಪಾ. ಒಂದು ಸುತ್ತು ಈ ಕಡೆ, ಒಂದು ಸುತ್ತು ಆ ಕಡೆ” ಎಂದರು. “ಇಲ್ಲಿ ಸಾಮಿ ಇತ್ತು. ಸುತ್ತೂ ಇತ್ತು. ಸಾಕು ಅಂತ ಬಿಟ್ಟೆ.”

ಆಮೇಲೆ ಅವರ ಬಾಯಲ್ಲಿ ಬೈಗುಳ ಬರಲಿಲ್ಲ. ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟು ದಂಡಿಗೆ ಹೋಗಿಬಿಟ್ಟರು. ಅವರ ಜಾಗ ನನಗೆ ಬಂತು, ಅದನ್ನು ಬಡ್ತಿ ಎಂದು ಕರೆದರು.

ತಪ್ಪು ಗೊತ್ತಾದರೆ ತಿದ್ದಬಹುದು ಎಂದು ನೀವು ಎಂದುಕೊಳ್ಳುತ್ತೀರಿ. ನಾನೂ ಹಾಗೇ ಎಂದುಕೊಂಡಿದ್ದೆ. ಮುಂದಿನ ಗಾಡಿಗೆ ಗುಡಿಯ ಸುತ್ತ ಒಂದೇ ಒಂದು ಎಡ ಸುತ್ತು ಹಾಕಿಸಲು ಹೋದೆ. ಗಾಡಿಯವರು ಬಾಗಿಲು ತೆಗೆದು ಹಾರಿದರು. ಅಪ್ರದಕ್ಷಿಣೆ ಸಾವಿನ ಮನೆಯ ಕೆಲಸ, ಹೊಸ ಚಕ್ರಕ್ಕೆ ಅದನ್ನು ಮಾಡಿಸುತ್ತೀಯಾ ಎಂದು ಹೊಡೆಯಲು ಬಂದರು. ಸರಿ, ಗುಡಿ ಬಿಟ್ಟು ಸಾಮಿಲ್ಲಿನ ಹಿಂದಿನ ಬಯಲಿನಲ್ಲಿ ತಿರುಗಿಸೋಣ ಎಂದೆ. ಪೂಜೆಗೆ ಮುಂಚೆ ಎಂದರೆ, ನಿಂಬೆಹಣ್ಣು ತುಳಿಯದೆ ಚಕ್ರ ಉರುಳಬಾರದು ಎಂದರು. ಪೂಜೆ ಆದ ಮೇಲೆ ಎಂದರೆ, ಬಲಕ್ಕೆ ಸುತ್ತಿದ್ದನ್ನು ಎಡಕ್ಕೆ ಸುತ್ತಿ ಬಿಚ್ಚಬಾರದು ಎಂದರು. ದೇವರಿಗೆ ಒಪ್ಪಿಸಿದ ಮೇಲೆ ಮನುಷ್ಯ ಮತ್ತೆ ಪರೀಕ್ಷೆ ಮಾಡುವುದು ಎಂದರೆ ದೇವರ ಮೇಲೆ ಅನುಮಾನ ಪಟ್ಟ ಹಾಗೆ. ಯಾರ ಮೇಲೆ ಕೋಪ ಮಾಡಿಕೊಳ್ಳಲಿ? ನಮ್ಮ ಮನೆಯಲ್ಲೂ ನನ್ನ ತಾಯಿ ಅದನ್ನೇ ಹೇಳಿದರು.

ಕೊನೆಗೆ ಗಾಡಿ ಉರುಳಿಸದೆಯೇ ನೋಡುವ ಉಪಾಯ ಮಾಡಿದೆ. ನಿಂತ ಗಾಡಿಯಲ್ಲಿ ಹಮಾಲರನ್ನೆಲ್ಲ ಬಲಗಡೆಗೇ ಒತ್ತಿ ಕೂರಿಸಿ, ಇಬ್ಬರನ್ನು ಬಲಗಡೆ ಫುಟ್‌ಬೋರ್ಡಿನ ಮೇಲೆ ನಿಲ್ಲಿಸಿ, ಚಕ್ರವನ್ನು ತುಸುವೇ ಅಲುಗಿಸಿ ಸುಣ್ಣ ನೋಡುತ್ತಿದ್ದೆ. ಉಪಾಯ ಸರಿಯಾಗಿಯೇ ಇತ್ತು. ಅದೇ ತೊಂದರೆಯಾಯಿತು. ಬಂದ ಗಾಡಿಗಳಲ್ಲಿ ಬಹಳಷ್ಟಕ್ಕೆ ಸುಣ್ಣ ಮೆತ್ತಿತು. ಒಂದಾದ ಮೇಲೊಂದಕ್ಕೆ ‘ಆಗಲ್ಲ, ಆಗಲ್ಲ’ ಎನ್ನುತ್ತ ಹೋದೆ. ಅವರೆಲ್ಲ ಪಕ್ಕದ ಅಂಗಡಿಗೆ ಹೋಗಿ ಅದೇ ಟೈರು ಹಾಕಿಸಿಕೊಂಡು, ನಮ್ಮ ಮುಂದಿನ ಬಸವಣ್ಣನಿಗೇ ಸುತ್ತು ಹಾಕಿ ಹೋದರು.

ಯಜಮಾನರು ಕರೆದು ಕೂರಿಸಿ ಮೆತ್ತಗೆ ಹೇಳಿದರು, “ಕೃಷ್ಣಪ್ಪ, ನಾವು ಅಂಗಡಿ ಇಟ್ಟಿರೋದು ಟೈರ್ ಹಾಕೋಕೆ ಕಣಯ್ಯ. ನೀನು ನೋಡೋದು ನೋಡು, ಬೇಡ ಅನ್ನಲ್ಲ. ಆದ್ರೆ ಬೇಕು ಅಂದವ್ರಿಗೆ ಹಾಕ್ಕೊಡು.”

ಹಾಗೆ ನನ್ನ ಪರೀಕ್ಷೆ ಉಳಿಯಿತು, ಅದರಿಂದ ಆಗಬೇಕಾದ್ದು ಏನೂ ಆಗಲಿಲ್ಲ. ಮುಂದೆ ಸೈಜಿನ ಪಟ್ಟಿಗಳು ಬಂದವು, ಗೇಜು ಬಂತು, ಸುಣ್ಣ ಹೋಯಿತು. ನೀವು ಈಗ ಅಚ್ಚಾದ ಪಟ್ಟಿ ತೋರಿಸಿ ಆಗಲ್ಲ ಎನ್ನುತ್ತೀರಿ, ನಾನು ಸುಣ್ಣ ತೋರಿಸಿ ಆಗಲ್ಲ ಎನ್ನುತ್ತಿದ್ದೆ. ಎದುರಿಗೆ ನಿಂತವರ ಮುಖ ಮಾತ್ರ ಅದೇ.

ರಾಚಪ್ಪನನ್ನು ನಾನು ಮತ್ತೆ ನೋಡಿದ್ದು ಆ ದಶಕ ಮುಗಿಯುತ್ತಿದ್ದ ಕಾಲಕ್ಕೆ. ಅಂಗಡಿ ಮುಂದೆ ಹಳೆಯ ದೊಡ್ಡ ಕಾರೊಂದು ಬಂದು ನಿಂತಿತು. ಊರುಗೋಲು ಮೊದಲು ಇಳಿಯಿತು, ಆಮೇಲೆ ಅವನು. ಪಾರ್ವತಮ್ಮನೂ ಇಳಿದರು, ಸೆರಗಿನಲ್ಲಿ ನಿಂಬೆಹಣ್ಣು. ಹೆಂಡತಿ, ಮಕ್ಕಳು ಒಳಗೇ ಕೂತಿದ್ದರು. ಸ್ಟಿಯರಿಂಗ್ ಹಿಡಿದಿದ್ದವನು ತಮ್ಮ ಶಿವಲಿಂಗ. ರಾಚಪ್ಪನ ಕಾಲು ಹೋದ ಮೇಲೆ ಅಷ್ಟು ಜನಕ್ಕೂ ಅವನೊಬ್ಬನೇ ದುಡಿಯುವವನು. ಗಾಡಿಯ ಮೇಲೆ ಕಟ್ಟಿದ್ದದ್ದು ಎರಡು ಜೀಪ್ ಟೈರು.

ಹಾಕಿ, ಸುಣ್ಣ ಬಳಿದು, ಹಮಾಲರನ್ನು ಬಲಗಡೆ ಕೂರಿಸಿದೆ. ಚಕ್ರ ಅಲುಗಿಸಿದೆ. ಟೈರಿನ ಮೈ ಮೇಲೆ ಬೆಳ್ಳಗೆ ಮೆತ್ತಿತು. ರಾಚಪ್ಪನನ್ನು ಬಗ್ಗಿಸಿ ತೋರಿಸಿದೆ.

“ಆಗಲ್ಲ ರಾಚಪ್ಪ. ನಿನ್ನ ಗಾಡೀಲಿ ಆಗಿದ್ದೂ ಇದೇ. ಎಡಕ್ಕೆ ತಿರುಗಿದಾಗ ಬಲಗಡೆ ಉಜ್ತಾ ಇತ್ತು. ನಾವು ಬಲಕ್ಕಷ್ಟೇ ತಿರುಗಿಸಿ ನೋಡಿದ್ವಿ, ಅದಕ್ಕೇ ನಮಗೆ ಕಾಣ್ಲಿಲ್ಲ. ನಿನ್ನ ಕಾಲು ಹೋಗಿದ್ದು ಅದಕ್ಕೆ ಕಣಪ್ಪ.”

ಅವನು ಸುಣ್ಣವನ್ನು ನೋಡಿದ. ನನ್ನನ್ನು ನೋಡಿದ. ಮುಖದಲ್ಲಿ ಸಿಟ್ಟು ಬರಬಹುದು, ಬಂದರೆ ಬರಲಿ, ಹೊಡೆದರೆ ಹೊಡೆಯಲಿ ಎಂದು ಕಾದೆ. ಅವನು ನಕ್ಕ.

“ಎಲ್ರೂ ಒಂದೇ ಕಡೆ ಕೂತ್ಕೊಂಡು ಯಾರು ಸಾರ್ ಬಾಡಿಗಿಗೆ ಬರ್ತಾರೆ?” ಎಂದ. ಹಮಾಲರೂ ನಕ್ಕರು.

“ತಮ್ಮಾ, ಹಂಗ ಅನಬ್ಯಾಡಪ್ಪ” ಎಂದರು ಪಾರ್ವತಮ್ಮ, ನನ್ನ ತೋಳು ಮುಟ್ಟಿ. “ಆವತ್ತು ಗಾಡಿ ಹೊಳಿಗೆ ಬಿದ್ದು ಚೂರಾತು. ನನ್ನ ಮಗ ಉಳಕೊಂಡ. ಯಾಕ ಉಳಕೊಂಡ? ಇಲ್ಲಿ ಬಸವಣ್ಣಗ ಸುತ್ತು ಹಾಕಿದ್ದಕ್ಕ ಉಳಕೊಂಡ. ಅದಕ್ಕ ಅಲ್ಲೇನು ಇವನ ಗಾಡೀನೂ ನಿಮ್ಮಲ್ಲಿಗೇ ತಂದದ್ದು?”

“ಅಮ್ಮಾ, ಒಂದೇ ಒಂದು ಸಲ ಎಡಕ್ಕೆ ತಿರುಗಿಸಿ ನೋಡೋಣ. ಗುಡಿ ಹತ್ರ ಬೇಡ. ಎಲ್ಲಾದ್ರೂ.”

“ಬ್ಯಾಡ” ಎಂದ ರಾಚಪ್ಪ. ನಗು ಹೋಗಿತ್ತು. “ಅದೊಂದು ಕೇಳಬ್ಯಾಡ್ರಿ ಸಾರ್. ನನ್ನ ತಮ್ಮ ಅವ್ನು.”

ನನ್ನ ಕಣ್ಣ ಮುಂದೆಯೇ ನಿಂಬೆಹಣ್ಣು ಇಟ್ಟರು. ಮನೆಯವರೆಲ್ಲ ಹತ್ತಿದರು. ಶಿವಲಿಂಗ ಗಾಡಿಯನ್ನು ಬಸವಣ್ಣನ ಸುತ್ತ ನಿಧಾನವಾಗಿ, ಭಕ್ತಿಯಿಂದ ಮೂರು ಸುತ್ತು ತಂದ. ಅವನೇ ಇಳಿದು ಬಗ್ಗಿ ನೋಡಿ, “ಎಲ್ಲೂ ಹೊಸ್ದಾಗಿ ಮೆತ್ತಿಲ್ಲ ಸಾರ್, ನೋಡ್ರಿ” ಎಂದು ಸಂತೋಷದಿಂದ ಕೂಗಿದ. ಯಜಮಾನರು ಒಳಗಿನಿಂದ ನನ್ನನ್ನು ಕಣ್ಣಲ್ಲೇ ಸುಮ್ಮನಾಗಿಸಿದರು.

ಗುಡಿಯ ಬಯಲಿನಿಂದ ಹೇರೋಹಳ್ಳಿಗೆ ಹೋಗಬೇಕಾದರೆ ಮಾಗಡಿ ರಸ್ತೆಗೆ ಬಂದು ಎಡಕ್ಕೆ ತಿರುಗಬೇಕು. ಗಾಡಿ ರಸ್ತೆಗೆ ಬಂತು, ಜನದ ಭಾರಕ್ಕೆ ಬಲಕ್ಕೆ ವಾಲಿಕೊಂಡು ಎಡಕ್ಕೆ ಹೊರಳಿತು. ‘ಸರ್’ ಎಂದಿತು. ಅಂಗಡಿ ಮುಂದೆ ನಿಂತಿದ್ದ ನನಗೆ ಕೇಳಿಸಿತು. ಒಳಗಿದ್ದ ರಾಚಪ್ಪನಿಗೂ ಕೇಳಿಸಿರಲೇಬೇಕು, ಆ ಸದ್ದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಸವಣ್ಣನ ಕಡೆಗೆ ತಿರುಗಿ, ಎರಡೂ ಕೈ ಎತ್ತಿ ಮುಗಿದ.